ಕಳಿಸುವ ಕೈ, ಕಾಯುವ ಮಡಿಲು



ನಮ್ಮ ಶ್ರೀನಿವಾಸಪುರದ ಪಕ್ಕದ ಚಿಂತಾಮಣಿಯ ಕವಿ ಬಿ.ಆರ್. ಲಕ್ಷ್ಮಣರಾವ್ ಅವರ ‘ಅಮ್ಮಾ ನಿನ್ನ ಎದೆಯಾಳದಲ್ಲಿ’ ಹಾಡನ್ನು ನಾವು ಅನೇಕರು ಕೇಳಿದ್ದೇವೆ. ಅದರಲ್ಲಿ ಬೆಳೆದ ಮಗು ಗಾಳದ ಮೀನಿನ ಹಾಗೆ ಒದ್ದಾಡುತ್ತದೆ. ತಾಯಿ ಕೆಟ್ಟವಳಲ್ಲ, ಅವಳ ಪ್ರೀತಿಯೇ ಗಾಳ. ಆದರೂ ಮಗು ಕದ್ದು ಓಡಿಹೋಗಲ್ಲ. ‘ನೀನೇ ನನ್ನನ್ನು ಹೊರಗೆ ಕಳಿಸು’ ಅಂತ ಅಮ್ಮನನ್ನೇ ಬೇಡುತ್ತದೆ. ರಾಕೆಟ್ಟಿನಂತೆ ಆಕಾಶವೆಲ್ಲ ಸುತ್ತಿ, ಎಣ್ಣೆ ಮುಗಿದಾಗ ಅವಳ ಮಡಿಲಿಗೇ ಮರಳುವೆನೆಂದು ಮಾತು ಕೊಡುತ್ತದೆ.

ನಮ್ಮ ಮಕ್ಕಳೂ ನರಸಾಪುರ, ಮಾಲೂರಿನ ಫ್ಯಾಕ್ಟರಿಗಳಿಗೆ, ಬೆಂಗಳೂರಿನ ಹಾಸ್ಟೆಲ್‌ಗಳಿಗೆ ಹೊರಡುತ್ತಾರೆ. ಮಗನನ್ನು ಕಳಿಸ್ತೀವಿ. ಮಗಳು ಕೇಳಿದರೆ ‘ನಿನ್ನ ಬಿಟ್ಟು ಹೆಂಗಿರಲಿ?’ ಅಂತ ಅಳ್ತೀವಿ. ಆ ಅಳುವೂ ಗಾಳವೇ ಅಲ್ವಾ?

ಹಾಗಂತ ಕಣ್ಣು ಮುಚ್ಚಿ ಕಳಿಸೋದು ಬೇಡ. ಎಲ್ಲಿ ಇರ್ತಾಳೆ, ರಾತ್ರಿ ಪಾಳಿ ಮುಗಿದ ಮೇಲೆ ವಾಹನ ಇದೆಯಾ ಅಂತ ವಿಚಾರಿಸೋಣ. ಸಂಬಳ ಬೀಳೋಕೆ ಅವಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸೋಣ. ಸಾಕಿ ಸಲಹಿದ್ದು ಸಂಘದ ಸಾಲವಲ್ಲ, ಮಕ್ಕಳ ಹತ್ತಿರ ಕಂತು ಕೇಳೋಕೆ. ಅವಳು ದಣಿದು ಬಂದ ದಿನ ‘ಆವತ್ತೇ ಹೇಳಿರಲಿಲ್ವಾ?’ ಅನ್ನದೆ, ಮೊದಲು ಊಟಕ್ಕೆ ಬಡಿಸೋಣ.