ಮನೆ ಮಾರುವವರ ಹೊಣೆ



ಮನೆ ಕೊಳ್ಳುವಾಗ ಹುಷಾರು ಅಂತ ಎಲ್ಲರೂ ಹೇಳ್ತಾರೆ. ಮಾರುವವರ ಹೊಣೆ ಏನು ಅಂತ ಹೇಳುವವರು ಕಡಿಮೆ. ಇವತ್ತು ಅದನ್ನೇ ಮಾತಾಡೋಣ.

ನಮ್ಮ ಅನ್ನೂರು ಕಡೆ ನೀರಿನ ಕಷ್ಟ ನಿಮಗೆ ಗೊತ್ತೇ ಇದೆ. ಅತ್ತಿಕಡವು-ಅವಿನಾಶಿ ಯೋಜನೆ 2024ರಲ್ಲಿ ಶುರುವಾಯಿತು. ಅದು ಕೆರೆ ಕುಂಟೆ ತುಂಬಿಸುವ ಯೋಜನೆ. ಹಾಗಂತ ಎಲ್ಲರ ಮನೆ ಬೋರಿನಲ್ಲೂ ನೀರು ಬಂತು ಅನ್ನೋಕಾಗಲ್ಲ.

ಒಂದು ಮಾತಿಗೆ ಹೇಳ್ತೀನಿ. ಒಬ್ಬರ ಮನೆ ಬೋರು ಬೇಸಿಗೆಯಲ್ಲಿ ಬತ್ತುತ್ತದೆ. ಅವರು ಮಳೆಗಾಲ ಮುಗಿಯುವಾಗ ಮನೆ ತೋರಿಸುತ್ತಾರೆ. ಮೋಟಾರು ಹಾಕಿದರೆ ನೀರು ಜೋರಾಗಿ ಬೀಳುತ್ತದೆ. ಕೊಳ್ಳುವವರಿಗೆ ಸಂತೋಷ. ಮಾರುವವರು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರು ಅಷ್ಟೆ. ಇದು ತಪ್ಪೇ?

ತಪ್ಪೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ನೋಡಿ. ಮನೆಯಲ್ಲಾಗಲಿ, ಅದರ ಹಕ್ಕಿನಲ್ಲಾಗಲಿ ದೊಡ್ಡ ದೋಷ ಇದೆ. ಅದು ಮಾರುವವರಿಗೆ ಗೊತ್ತು. ಕೊಳ್ಳುವವರು ಎಚ್ಚರವಾಗಿ ನೋಡಿದರೂ ಗೊತ್ತಾಗೋದಿಲ್ಲ. ಅಂಥದ್ದನ್ನು ಹೇಳಲೇಬೇಕು. ಮುಚ್ಚಿಟ್ಟರೆ ಮೋಸ. ಬೇಸಿಗೆಯಲ್ಲಿ ಬತ್ತುವ ಬೋರು ನನ್ನ ಲೆಕ್ಕದಲ್ಲಿ ದೊಡ್ಡ ದೋಷವೇ. ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ. ಅದರ ಮೇಲೆ ಸುಣ್ಣ ಬಳಿದರೆ ಕಾಣುತ್ತದೆಯೇ?

ಸಾಲವೂ ಹಾಗೆಯೇ. ಮನೆ ಪತ್ರ ಇಟ್ಟು ಕೈಸಾಲ ತಂದಿದ್ದರೆ ಅದು ವಿಲ್ಲಂಗ ಸರ್ಟಿಫಿಕೇಟಿನಲ್ಲಿ ಕಾಣದೇ ಇರಬಹುದು. ನೀವೇ ಬಾಯಿಬಿಟ್ಟು ಹೇಳಬೇಕು. ಮಾರುವ ದಿನದವರೆಗಿನ ಮನೆ ತೆರಿಗೆ ಕಟ್ಟುವುದೂ ನಿಮ್ಮದೇ ಹೊಣೆ. ಬಾಡಿಗೆಗೆ ಯಾರಾದರೂ ಇದ್ದರೆ ಅವರಿಗೂ ಮೊದಲೇ ತಿಳಿಸಿ. ಮಗ್ಗ ಹಾಕಿಕೊಂಡವರು ಒಂದೇ ದಿನದಲ್ಲಿ ಎಲ್ಲಿಗೆ ಹೋಗ್ತಾರೆ?

ಇನ್ನು ಅಕ್ಕತಂಗಿಯರ ಪಾಲು. ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. ಹಿಂದೂ ಕುಟುಂಬಗಳಿಗೆ ತಮಿಳುನಾಡು 1989ರಲ್ಲೇ ಈ ಕಾನೂನು ತಂದಿತು. ಆಗ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರಲ್ಲಿ ದೇಶದ ಕಾನೂನು ಬಂತು. ಮದುವೆಯಾದವರಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಹೇಳಿತು. ಆದರೂ ಏನು ನಡೆಯುತ್ತದೆ? "ಬಾ ತಂಗಿ, ಒಂದು ರುಜು ಹಾಕು" ಅಂತ ಕರೆಯುತ್ತಾರೆ. ಒಂದು ಸೀರೆ ಕೊಟ್ಟು ಕಳಿಸುತ್ತಾರೆ. ಮನೆ ಎಷ್ಟಕ್ಕೆ ಹೋಯಿತು ಅಂತ ಅವಳಿಗೆ ಗೊತ್ತೇ ಇರೋದಿಲ್ಲ. ಬೆಲೆ ಅವಳಿಗೆ ಮೊದಲು ಹೇಳಿ. ಅವಳ ಪಾಲಿನ ದುಡ್ಡು ಅವಳ ಕೈಗೇ ಕೊಡಿ.

ಕ್ರಯಪತ್ರ ಇಲ್ಲಿ ತಮಿಳಿನಲ್ಲಿರುತ್ತದೆ. ಮನೆಯಲ್ಲಿ ಕನ್ನಡ ಆಡುವ ನಮ್ಮವರಲ್ಲಿ ಎಷ್ಟೋ ಜನ ಅದನ್ನು ಓದಲಾರರು. ರುಜುವಿಗೆ ಮುಂಚೆ ತಂಗಿಗೂ ಕೊಳ್ಳುವವರಿಗೂ ಪೂರ್ತಿ ಓದಿ ಹೇಳಿಸಿ. ಯೋಚಿಸಲು ಎರಡು ದಿನ ಕೇಳಿದರೆ ಕೊಡಿ.

ಈಗ ನೀವು ಕೇಳಿ, ನಾನು ಹೇಳ್ತೀನಿ.