ಹಾಲವಾಣದ ಗಂಟು, ಚಗಳಿಯ ಗೂಡು



ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ಹಾಲವಾಣವನ್ನು ನೆಟ್ಟವರಲ್ಲಿ ಅನೇಕರು ಅದರ ಚಿಗುರು ಗಂಟುಗಟ್ಟಿ ಮುರುಟುವುದನ್ನು ಕಂಡಿದ್ದಾರೆ. ಎಲೆಯ ತೊಟ್ಟು ಊದಿಕೊಳ್ಳುತ್ತದೆ, ಎಲೆ ಉದುರುತ್ತದೆ. ಬಾಧೆ ಬಲವಾದರೆ ಮರವೇ ಸಾಯುತ್ತದೆ, ಮರದೊಡನೆ ಬಳ್ಳಿಯೂ ನೆಲ ಕಚ್ಚುತ್ತದೆ. ಇದು ರೋಗವಲ್ಲ, ಸುಮಾರು ಒಂದೂವರೆ ಮಿಲಿಮೀಟರ್ ಉದ್ದದ ಒಂದು ಕಣಜದ ಕೆಲಸ. ಹೆಣ್ಣು ಕಣಜವು ಎಳೆಯ ಎಲೆ, ತೊಟ್ಟುಗಳೊಳಗೆ ಮೊಟ್ಟೆಯಿಡುತ್ತದೆ. ಮರಿಯ ಸುತ್ತ ಗಂಟು ಬೆಳೆಯುತ್ತದೆ. ಸುಮಾರು 20 ದಿನಗಳಲ್ಲಿ ಹೊಸ ತಲೆಮಾರು ಹೊರಬರುತ್ತದೆ.

ಈ ಕಣಜಕ್ಕೆ ಕ್ವಾಡ್ರಾಸ್ಟಿಕಸ್ ಎರಿತ್ರಿನೇ ಎಂಬ ಹೆಸರು ದೊರೆತದ್ದು 2004ರಲ್ಲಿ, ಮಾರಿಷಸ್, ರೆಯೂನಿಯನ್ ಮತ್ತು ಸಿಂಗಪುರಗಳ ಮಾದರಿಗಳಿಂದ. ಇದರ ಮೂಲ ಪೂರ್ವ ಆಫ್ರಿಕವೆಂದು ನಂಬಲಾಗಿದೆ. 2006ರಲ್ಲಿ ಕೇರಳದಿಂದ ವರದಿಯಾಯಿತು, ಬೆನ್ನಿಗೇ ಕರ್ನಾಟಕದಿಂದಲೂ. ಆದರೆ ಯಾವ ತೋಟಕ್ಕೆ ಯಾವ ತಿಂಗಳಲ್ಲಿ ಬಂದಿತೆಂದು ಕೇಳಿದರೆ, ‘ಮಳೆ ಜಾಸ್ತಿಯಾದ ಆ ವರ್ಷ’ ಎಂಬಂಥ ಉತ್ತರವೇ ಸಿಕ್ಕೀತು. ಹವಾಯಿಯಲ್ಲಿ 2005ರಲ್ಲಿ ಕಂಡ ಕೂಡಲೇ ದಾಖಲಿಸಿದರು, ಶತ್ರುಕೀಟವನ್ನು ಹುಡುಕಿಕೊಂಡು ಆಫ್ರಿಕಕ್ಕೆ ಹೋದರು. ಗಂಟಿನೊಳಗಿನ ಮರಿಗಳನ್ನು ತಿನ್ನುವ ಮತ್ತೊಂದು ಕಣಜವನ್ನು ತಾಂಜಾನಿಯದಿಂದ ತಂದು, ಪರೀಕ್ಷಿಸಿ, 2008ರಲ್ಲಿ ಬಿಡುಗಡೆ ಮಾಡಿದರು.

ಇರುವೆಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಹಳದಿ ಮೈಯ, ಉದ್ದ ಕಾಲಿನ, ದಿಕ್ಕುಗೆಟ್ಟಂತೆ ಓಡುವ ಅನೊಪ್ಲೊಲೆಪಿಸ್ ಗ್ರಾಸಿಲಿಪಿಸ್ ಎಂಬ ಇರುವೆಯು ಕ್ರಿಸ್‌ಮಸ್ ದ್ವೀಪದಲ್ಲಿ ಕೋಟಿಗೂ ಮಿಕ್ಕಿ ಕೆಂಪು ಏಡಿಗಳನ್ನು ಕೊಂದಿದೆ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆಯ ತಪ್ಪಲಿನ ಹಳ್ಳಿಗರು ಇದರಿಂದ ಕಂಗೆಟ್ಟರು. ಆದರೂ ಅದರ ಮೂಲ ಆಫ್ರಿಕವೋ ಏಷ್ಯವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಆದ್ದರಿಂದ ಕಂಡ ಮಾತ್ರಕ್ಕೆ ‘ಪರದೇಶಿ’ ಎನ್ನುವ ಆತುರ ಸಲ್ಲದು. ಇದ್ದ ಇರುವೆ ಹೆಚ್ಚುತ್ತಿದೆಯೇ ಎಂಬುದೇ ಮುಖ್ಯ ಪ್ರಶ್ನೆ, ಅದಕ್ಕೆ ಉತ್ತರ ವರ್ಷವರ್ಷದ ಲೆಕ್ಕದಿಂದ ಮಾತ್ರ ಸಾಧ್ಯ.

ಇದನ್ನು ಚಗಳಿಯೆಂದು, ಚಗಳಿಯನ್ನು ಇದೆಂದು ತಪ್ಪು ತಿಳಿಯುವ ಅಪಾಯವೂ ಇದೆ. ಚಗಳಿಯ ಬಣ್ಣ ಕೆಂಪು, ಗಾತ್ರ ದೊಡ್ಡದು. ಮರಿಗಳ ನೂಲಿನಿಂದ ಹಸಿರೆಲೆಗಳನ್ನು ಹೊಲಿದು ಮರದ ಮೇಲೆ ಗೂಡು ಕಟ್ಟುತ್ತದೆ. ಗೇರುಮರದ ಟೀ ಸೊಳ್ಳೆಯನ್ನು ಹತೋಟಿಯಲ್ಲಿಡಲು ನೆರವಾಗುವ, ಚಟ್ನಿಗೂ ಒದಗುವ ಈ ನಾಡಿನ ಇರುವೆಗೆ ಗುರುತು ತಪ್ಪಿ ಔಷಧಿ ಹೊಡೆದರೆ ನಷ್ಟ ತೋಟದವನದೇ. (ಕಚ್ಚಿಸಿಕೊಂಡವನಿಗೆ ಈ ವಾದ ರುಚಿಸದು, ಅದು ಬೇರೆ ಮಾತು.)

ದಾಖಲೆಗೆ ಬೇಕಾದುದು ಕಡಿಮೆ. ದಿನಾಂಕ, ಊರು, ಸಮುದ್ರಮಟ್ಟದಿಂದ ಎತ್ತರ, ಮರದ ಹೆಸರು, ಅಳತೆಪಟ್ಟಿಯೊಡನೆ ತೆಗೆದ ಚಿತ್ರ. ಸ್ಥಳೀಯ ಹೆಸರನ್ನೂ ಬರೆಯಬೇಕು. ಒಂದೂರಿನ ಕಡಜ ಮತ್ತೊಂದೂರಿನ ಕಣಜ. ಎಲ್ಲಕ್ಕಿಂತ ಹೆಚ್ಚಾಗಿ, ಹುಡುಕಿಯೂ ಕಾಣದಿದ್ದರೆ ‘ಕಾಣಲಿಲ್ಲ’ ಎಂದೂ ಬರೆಯಬೇಕು. ಮುಂದೆ ಹುಳು ಬಂದಾಗ, ಹಿಂದಿನ ವರ್ಷ ಅದು ಇರಲಿಲ್ಲವೆನ್ನಲು ಆ ಸಾಲೊಂದೇ ಸಾಕ್ಷಿ.

ಹಾಲವಾಣದ ಗಂಟುಗಳನ್ನು ಗಾಜಿನ ಭರಣಿಯಲ್ಲಿಟ್ಟು, ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ, ಹೊರಬರುವ ಹುಳುಗಳನ್ನು ದಿನವೂ ಎಣಿಸಬಹುದು. ಬಂದುದೆಲ್ಲ ಪೀಡೆಯೆಂದು ಭಾವಿಸಬಾರದು. ಪೀಡೆಯನ್ನೇ ತಿಂದು ಬೆಳೆದ ಸ್ಥಳೀಯ ಕಣಜವೂ ಅವುಗಳಲ್ಲಿರಬಹುದು. ಮಾದರಿಗಳನ್ನು ಸ್ಪಿರಿಟ್‌ನಲ್ಲಿಟ್ಟು, ಚೀಟಿಯನ್ನು ಪೆನ್ಸಿಲಿನಿಂದ ಬರೆದು ಒಳಗೇ ಹಾಕಬೇಕು. ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿಹೋಗುತ್ತದೆ.