ತಾರತಮ್ಯದ ದೂರು, ಮೊದಲ ಮೇಲ್ಮನವಿ ಮತ್ತು ಹೋಲಿಕೆಯ ಕಡತ

ಸರ್ಕಾರಿ ನೌಕರರ ಮೇಲಿನ ತಾರತಮ್ಯ ಸಾಮಾನ್ಯವಾಗಿ ಶಿಕ್ಷೆಯ ಆದೇಶವಾಗಿ ಬರುವುದಿಲ್ಲ. ಬಡ್ತಿ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುತ್ತದೆ, ವರ್ಗಾವಣೆ ಪದೇ ಪದೇ ಒಬ್ಬರ ಪಾಲಿಗೇ ಬರುತ್ತದೆ, ಗೋಪ್ಯ ವರದಿಯಲ್ಲಿ ದರ್ಜೆ ಇಳಿಯುತ್ತದೆ. ಆದರೆ ಸೇವಾ ನಿಯಮಗಳು ಮೇಲ್ಮನವಿಯ ಹಕ್ಕನ್ನು ಮುಖ್ಯವಾಗಿ ಶಿಕ್ಷೆಯ ಸುತ್ತಲೇ ಕಟ್ಟಿವೆ. ಸೇವಾ ಕಾನೂನಿನ ಅಧ್ಯಯನವೂ ಅದೇ ಜಾಡು ಹಿಡಿದು ದೋಷಾರೋಪಣ ಪತ್ರ, ಇಲಾಖಾ ವಿಚಾರಣೆ, ವಜಾ, ಸಂವಿಧಾನದ 311ನೇ ವಿಧಿ ಇವುಗಳಲ್ಲೇ ತಂಗಿತು. 16ನೇ ವಿಧಿ ಕೊಟ್ಟ ಸಮಾನ ಅವಕಾಶವನ್ನು ಮೊದಲ ಮೇಲ್ಮನವಿಯಲ್ಲೇ ದಕ್ಕಿಸಿಕೊಳ್ಳುವುದು ಹೇಗೆಂಬ ವಿಚಾರ ಬದಿಗೆ ಸರಿಯಿತು. ಅದನ್ನು ನಡುವಿಗೆ ತರುವುದೇ ಈ ವಿಚಾರ ಸಂಕಿರಣದ ಆಶಯ.

ಮೊದಲಿಗೆ ದಾರಿಯ ವಿಷಯ. ಕೇಂದ್ರ ಸರ್ಕಾರದ ನೌಕರರು 1965ರ ಕೇಂದ್ರ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳಂತೆ ಆದೇಶ ಕೈಸೇರಿದ 45 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಆರು ತಿಂಗಳು ಕಳೆದರೂ ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬಹುದು. ನ್ಯಾಯಮಂಡಳಿಯ ತೀರ್ಪನ್ನು ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಪ್ರಶ್ನಿಸಬಹುದೆಂದು 1997ರ ಎಲ್. ಚಂದ್ರಕುಮಾರ್ ತೀರ್ಪು ಹೇಳಿತು.

ರಾಜ್ಯ ನೌಕರರ ಪಾಲಿಗೆ ಗಡಿಯೇ ದಾರಿಯನ್ನು ಬದಲಿಸುತ್ತದೆ. ತಮಿಳುನಾಡಿನ ಗಡಿ ಪಟ್ಟಣ ಹೊಸೂರಿನಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್, ಚೆನ್ನೈ 300 ಕಿಲೋಮೀಟರಿಗೂ ಮಿಗಿಲು. ಗಡಿಯ ಅತ್ತಿಬೆಲೆಯ ಆಚೆ ಕರ್ನಾಟಕದ ನೌಕರರಿಗೆ ಬೆಂಗಳೂರಿನಲ್ಲಿ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. 1988ರಲ್ಲಿ ಆರಂಭವಾದ ತಮಿಳುನಾಡಿನ ಮಂಡಳಿ ಆಮೇಲೆ ರದ್ದಾಯಿತು. ಹೀಗಾಗಿ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ರಾಜ್ಯ ನೌಕರರು ಚೆನ್ನೈನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಏಕಸದಸ್ಯ ಪೀಠದ ತೀರ್ಪಿನ ಮೇಲೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ ಹೋಗಬೇಕು. ಹೊಸೂರು ರೈಲು ನಿಲ್ದಾಣವಾದರೋ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಅಲ್ಲಿನ ನೌಕರರ ಮೇಲಿನ ಆದೇಶ ಬೆಂಗಳೂರಿನಲ್ಲಿ ಹೊರಟಿದ್ದರೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠದಲ್ಲೂ ದಾವೆಗೆ ಕಾರಣ ಹುಟ್ಟುತ್ತದೆ. ಒಂದೇ ಊರಿನ ಇಬ್ಬರು ನೌಕರರಿಗೆ ಎರಡು ರಾಜಧಾನಿಗಳ ದಾರಿ. ಈ ಅಧಿಕಾರ ವ್ಯಾಪ್ತಿಯ ಸಿಕ್ಕುಗಳನ್ನು ಸಭೆಯಲ್ಲಿರುವ ಹಿರಿಯ ವಕೀಲರು ಮುಂದಿನ ಗೋಷ್ಠಿಯಲ್ಲಿ ಬಿಡಿಸಲಿದ್ದಾರೆ.

ದಾರಿಗಿಂತ ದೊಡ್ಡ ತೊಡಕು ಪುರಾವೆಯದು. ಅದರ ಬೇರು ಇ.ಪಿ. ರಾಯಪ್ಪ ಪ್ರಕರಣದಲ್ಲಿದೆ. ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯಾಗಿದ್ದ ಅವರನ್ನು ಬೇರೆ ಹುದ್ದೆಗೆ ಸರಿಸಿದ್ದು ವ್ಯಾಜ್ಯವಾಯಿತು. 1973ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸ್ವೇಚ್ಛೆಯ ಆಡಳಿತ ಸಮಾನತೆಗೆ ವೈರಿ ಎಂಬ ತತ್ವವನ್ನು ಮುಂದಿಟ್ಟಿತು. ಅದೇ ತೀರ್ಪಿನಲ್ಲಿ, ದುರುದ್ದೇಶ ಹೊರಿಸುವವರ ಮೇಲಿನ ಸಾಬೀತಿನ ಹೊರೆ ಬಹಳ ಭಾರವೆಂದು ಹೇಳಿ ಅರ್ಜಿಯನ್ನು ವಜಾ ಮಾಡಿತು. ತತ್ವ ಪಠ್ಯಪುಸ್ತಕ ಸೇರಿತು, ಹೊರೆ ಕಚೇರಿಗೆ ಇಳಿಯಿತು. ಅಂದಿನಿಂದ ಮೇಲ್ಮನವಿ ಬರೆಯುವವರು ಮೇಲಧಿಕಾರಿಯ ಹಗೆಯನ್ನು ಹುಡುಕುತ್ತಾರೆ. ಹಗೆ ಸಿಗದಿದ್ದರೆ ತಾರತಮ್ಯವೇ ಇಲ್ಲವೆಂದು ಇಲಾಖೆ ಕಡತ ಮುಚ್ಚುತ್ತದೆ. ಸೇವಾ ಕಾನೂನಿನ ಅಧ್ಯಯನ ದಾರಿ ತಪ್ಪಿದ್ದು ಇಲ್ಲಿಯೇ.

ಹಗೆಯನ್ನು ಹುಡುಕದೆಯೂ ತಾರತಮ್ಯವನ್ನು ತೋರಿಸಬಹುದೆಂಬುದಕ್ಕೆ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರ ಪ್ರಸಂಗವನ್ನು ಈ ಸಭೆ ಗೌರವದಿಂದ ನೆನೆಯಬೇಕು. ಅವರು 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಮದುವೆಯಾಗಲು ಹೆಣ್ಣು ಅಧಿಕಾರಿಗಳು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕೆಂಬ ನಿಯಮ ಆ ಸೇವೆಯಲ್ಲಿತ್ತು. ತಮಗೆ ಬಡ್ತಿ ತಪ್ಪಿದಾಗ ಮುತ್ತಮ್ಮ ನ್ಯಾಯಾಲಯಕ್ಕೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳನ್ನೆಲ್ಲ ಶೋಧಿಸಿ ತಾರತಮ್ಯ ತೆಗೆಯಬೇಕೆಂದು ಹೇಳಿತು. ಬಡ್ತಿ ಸಿಕ್ಕಿದ್ದರಿಂದ ಅರ್ಜಿಯನ್ನು ವಜಾ ಮಾಡಿತು. ಅಲ್ಲಿ ತಾರತಮ್ಯ ನಿಯಮದಲ್ಲೇ ಬರೆದಿತ್ತು. ಯಾರ ಮನಸ್ಸಿನ ಹಗೆಯನ್ನೂ ಹುಡುಕಬೇಕಿರಲಿಲ್ಲ.

ನಿಯಮ ಎಲ್ಲರಿಗೂ ಒಂದೇ ಎಂಬಂತೆ ಕಂಡು ಫಲ ಮಾತ್ರ ಬೇರೆಯಾದರೆ ಏನೆಂಬುದಕ್ಕೆ 2021ರ ಲೆಫ್ಟಿನೆಂಟ್ ಕರ್ನಲ್ ನಿತಿಶಾ ತೀರ್ಪು ಉತ್ತರಿಸಿತು. ಸೇನೆಯ ಮಹಿಳಾ ಅಧಿಕಾರಿಗಳಿಗೆ ಕಾಯಂ ನೇಮಕಕ್ಕೆ ಅವಕಾಶವೇ ಇಲ್ಲದ ಕಾಲದಲ್ಲಿ ಬರೆದ ಗೋಪ್ಯ ವರದಿಗಳನ್ನೇ ಮುಂದೆ ಕಾಯಂ ಮಾಡುವಾಗ ಅಳತೆಗೋಲಾಗಿಸಿದ್ದನ್ನು ನ್ಯಾಯಾಲಯ ಪರೋಕ್ಷ ತಾರತಮ್ಯವೆಂದು ಗುರುತಿಸಿತು. ಅದಕ್ಕೆ ಉದ್ದೇಶ ಸಾಬೀತಾಗಬೇಕಿಲ್ಲ, ಪರಿಣಾಮ ಸಾಕು.

ಇಲ್ಲಿಂದ ಮುಂದೆ ಬಗೆಹರಿಯದ ಪ್ರಶ್ನೆ ನಿಲ್ಲುತ್ತದೆ: ಪರಿಣಾಮವನ್ನು ತೋರಿಸುವ ದಾಖಲೆ ಯಾರ ಕೈಯಲ್ಲಿದೆ? ತಾರತಮ್ಯವೆಂದರೆ ಹೋಲಿಕೆಯ ಮಾತು. ಅದೇ ಹುದ್ದೆಯ, ಅದೇ ಅರ್ಹತೆಯ ಇನ್ನೊಬ್ಬರಿಗೆ ಏನು ಸಿಕ್ಕಿತೆಂದು ತೋರಿಸದೆ ವಾದ ನಿಲ್ಲುವುದಿಲ್ಲ. ನೌಕರರಿಗೆ ಅವರವರ ಗೋಪ್ಯ ವರದಿಯನ್ನು ತಿಳಿಸಬೇಕೆಂದು 2008ರ ದೇವ್ ದತ್ ತೀರ್ಪು ಹೇಳಿತು. ಸಹೋದ್ಯೋಗಿಯ ಸೇವಾ ದಾಖಲೆಯಾದರೋ ಮಾಹಿತಿ ಹಕ್ಕು ಕಾಯಿದೆಯ ವಿನಾಯಿತಿಗೆ ಒಳಪಟ್ಟ ವೈಯಕ್ತಿಕ ಮಾಹಿತಿ ಎಂದು 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪು ಸಾರಿತು. 2023ರ ದತ್ತಾಂಶ ರಕ್ಷಣಾ ಕಾಯಿದೆ ಮಾಹಿತಿ ಹಕ್ಕಿನ ಆ ವಿನಾಯಿತಿಯನ್ನು ಇನ್ನೂ ಹಿಗ್ಗಿಸುವ ತಿದ್ದುಪಡಿ ತಂದಿತು. ಖಾಸಗಿತನ ಅಮೂಲ್ಯವೇ. ಆದರೆ ಅದರ ಮರೆಯಲ್ಲಿ ಇಲಾಖೆಯೇ ತನ್ನ ನಡೆಗೆ ರಕ್ಷಣೆ ಪಡೆದರೆ ಸಮಾನತೆಯ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಗಡಿನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 16(2)ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಜನ್ಮಸ್ಥಳ, ವಾಸಸ್ಥಳಗಳನ್ನು ಹೆಸರಿಸುತ್ತದೆ, ಭಾಷೆಯನ್ನು ಹೆಸರಿಸುವುದಿಲ್ಲ. ರಾಜ್ಯಭಾಷೆಯ ಪರೀಕ್ಷೆ ತನ್ನಷ್ಟಕ್ಕೆ ಅನ್ಯಾಯವಲ್ಲ. ಅದನ್ನು ಕೆಲವರ ಮೇಲಷ್ಟೇ ಬಿಗಿಯಾಗಿ ಹೇರಿದರೆ ಹೊಸೂರಿನ ಕನ್ನಡ ಅಥವಾ ತೆಲುಗು ಮನೆಮಾತಿನ ಶಿಕ್ಷಕರು 14ನೇ ಮತ್ತು 16(1)ನೇ ವಿಧಿಗಳನ್ನೇ ನೆಚ್ಚಬೇಕು, ಹೋಲಿಕೆಯ ದಾಖಲೆಯನ್ನೇ ತರಬೇಕು. ಭಾಷಾ ಅಲ್ಪಸಂಖ್ಯಾತರ ಆಯುಕ್ತರು ತನಿಖೆ ಮಾಡಿ ವರದಿ ಕೊಡಬಲ್ಲರು. ಇಲಾಖೆಯ ಆದೇಶವನ್ನು ರದ್ದುಪಡಿಸಲಾರರು.

ಆದ್ದರಿಂದ ಮೊದಲ ಮೇಲ್ಮನವಿಯನ್ನು ಗಟ್ಟಿಯಾಗಿ ಬರೆಯಬೇಕು. ಪ್ರಶ್ನಿಸುವ ಆದೇಶ ಮತ್ತು ಅದರ ದಿನಾಂಕ, ಮುರಿದ ನಿಯಮ, ತಾರತಮ್ಯದ ಆಧಾರ, ಹೋಲಿಕೆಗೆ ತೆಗೆದುಕೊಂಡ ಹುದ್ದೆಗಳು, ಬೇಕಾದ ಪರಿಹಾರ ಇಷ್ಟೂ ಅದರಲ್ಲಿರಬೇಕು. ದುರುದ್ದೇಶದ ಆರೋಪ ಇದ್ದರೆ ಅದು ಪ್ರತ್ಯೇಕವಾಗಿರಲಿ. ಹೋಲಿಕೆಯ ದಾಖಲೆಯನ್ನು ಹೆಸರು ಮರೆಸಿಯಾದರೂ ಒದಗಿಸಬೇಕೆಂಬ ಕೋರಿಕೆ ಬರಹದಲ್ಲಿರಲಿ. ಹಳೆಯ ದೂರಿಗೆ ಮನವಿಯ ಮೇಲೆ ಮನವಿ ಕೊಟ್ಟರೆ ಕಾಲಮಿತಿ ಬೆಳೆಯುವುದಿಲ್ಲವೆಂದು ಸಿ. ಜೇಕಬ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದೆ.

ಮೇಲ್ಮನವಿ ಪ್ರಾಧಿಕಾರಕ್ಕೂ ಹೊಣೆಯಿದೆ. ಕಾರಣ ಕೊಟ್ಟು ಆದೇಶ ಬರೆಯಬೇಕೆಂದು 1986ರ ರಾಮ್ ಚಂದರ್ ಪ್ರಕರಣದಲ್ಲಿ ರೈಲ್ವೆಗೆ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ತಾರತಮ್ಯದ ದೂರಿನಲ್ಲಿ ಆ ಕಾರಣಗಳು ಹೋಲಿಕೆಯನ್ನು ಎದುರಿಸಿಯೇ ಬರಬೇಕು. ನೌಕರರು ಮೇಲ್ನೋಟಕ್ಕೆ ವ್ಯತ್ಯಾಸ ತೋರಿಸಿದ ಮೇಲೆ ಅದನ್ನು ವಿವರಿಸುವ ಭಾರ ಇಲಾಖೆಯ ಮೇಲೆ ಬೀಳಬೇಕು, ಏಕೆಂದರೆ ಕಡತ ಅದರ ಬಳಿಯೇ ಇದೆ. ಹೈಕೋರ್ಟ್ ಸಾಮಾನ್ಯವಾಗಿ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ, ನಿರ್ಧಾರಕ್ಕೆ ಬಂದ ಬಗೆಯನ್ನು ನೋಡುತ್ತದೆ. ಮೊದಲ ಹಂತದಲ್ಲಿ ದಾಖಲಾಗದ ಹೋಲಿಕೆಯನ್ನು ಚೆನ್ನೈನಲ್ಲಾಗಲಿ ದೆಹಲಿಯಲ್ಲಾಗಲಿ ಕಟ್ಟಿಕೊಡುವುದು ಕಷ್ಟ. ಸೇವಾ ನಿಯಮಗಳಿಗೆ ಈ ಭಾರದ ಹಂಚಿಕೆಯನ್ನು ಸೇರಿಸುವ ತಿದ್ದುಪಡಿಯ ಕರಡನ್ನು ಈ ಸಂಕಿರಣದ ಗೋಷ್ಠಿಗಳು ಸಿದ್ಧಪಡಿಸಬೇಕು.